ಸಹಿಗೆ ಮುಂಚಿನ ಉಡಿ

ಕುಷ್ಟಗಿಯ ಶರಣಬಸಮ್ಮನಿಗೆ ಸಿಟ್ಟು ಬಂದ ದಿನ ರೊಟ್ಟಿ ತೆಳ್ಳಗೆ ಬರುತ್ತವೆ ಎಂದು ಅವಳ ರೊಟ್ಟಿ ಕೇಂದ್ರದ ಹೆಂಗಸರು ಹೇಳುತ್ತಾರೆ. ಸುಳ್ಳಲ್ಲ. ಎಳ್ಳ ಅಮಾವಾಸ್ಯೆಗೆ ಮುಂಚಿನ ಆ ವಾರ ಅವಳ ಸಜ್ಜೆ ರೊಟ್ಟಿಗಳು ಎಷ್ಟು ತೆಳ್ಳಗೆ ಬಂದವೆಂದರೆ, ಹಬ್ಬಕ್ಕೆ ಒಯ್ಯಲು ಬಂದ ಗಿರಾಕಿಗಳು ಇನ್ನೊಂದು ಕಟ್ಟು ಕೊಡಿ ಎಂದು ದುಂಬಾಲು ಬಿದ್ದರು. ಪ್ರತಿ ರೊಟ್ಟಿಯಲ್ಲೂ ಆಕೆ ಒಬ್ಬೊಬ್ಬ ಕಮಿಟಿ ಮೆಂಬರನನ್ನು ಬಡಿಯುತ್ತಿದ್ದಳೆಂದು ಅವರಿಗೇನು ಗೊತ್ತು.

ಕಮಿಟಿ ಎಂದರೆ ಕುಷ್ಟಗಿ ಹೆಣ್ಣುಮಕ್ಕಳ ಕಬಡ್ಡಿ ತಂಡದ ಕಮಿಟಿ. ಏಳು ಮಂದಿ ಗಂಡಸರು. ಅವರಲ್ಲಿ ಒಬ್ಬನೂ ಜನ್ಮದಲ್ಲಿ ಕಬಡ್ಡಿ ಆಡಿದವನಲ್ಲ; ಮಾತು ಕೇಳಿದರೆ ಮಾತ್ರ ಏಳೂ ಜನ ಈಗಷ್ಟೇ ಅಂಕಣದಿಂದ ಎದ್ದು ಮೈಮಣ್ಣು ಕೊಡವಿಕೊಂಡು ಬಂದವರ ಹಾಗೆ. ಅಧ್ಯಕ್ಷ ದೇವೇಂದ್ರಪ್ಪ, ಬೀಜ-ಗೊಬ್ಬರದ ಅಂಗಡಿಯವನು. ಹುಡುಗಿಯರ ಜೆರ್ಸಿ, ಬಸ್ಸು, ಬಾಳೆಹಣ್ಣು ಎಲ್ಲಕ್ಕೂ ಕೈ ಬಿಚ್ಚುವವನು ಆತನೇ, ಅದನ್ನು ಇಲ್ಲವೆನ್ನುವಂತಿಲ್ಲ. ಕೆಟ್ಟ ಮನುಷ್ಯನೂ ಅಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು, ಅದಕ್ಕೂ ದಾರಿಯಿಲ್ಲ.

ಶರಣಬಸಮ್ಮ ಹುಟ್ಟಿದ್ದು ಕನಕಗಿರಿಯಲ್ಲಿ. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯೊಳಗಿದ್ದ ಕಾಲ ಅದು. ಹೈಸ್ಕೂಲಿನಲ್ಲಿ ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಬಡ್ಡಿ ಆಡುತ್ತಿದ್ದ ಹುಡುಗಿ. ಒಮ್ಮೆ ರಾಯಚೂರಿಗೆ ಹೋಗಿ ಆಡಿ ಬಂದಳು. ಬರುವಷ್ಟರಲ್ಲಿ ಮನೆಯಲ್ಲಿ ಗಂಡು ನೋಡಿಟ್ಟಿದ್ದರು. ಕುಷ್ಟಗಿಗೆ ಬಂದಳು, ಇಬ್ಬರು ಮಕ್ಕಳನ್ನು ಹೆತ್ತಳು. ಗಂಡ ರುದ್ರೇಶ ಟಂಟಂ ಆಟೋ ಓಡಿಸಿದ, ಈಕೆ ರೊಟ್ಟಿ ಬಡಿದಳು. ಮೊದಲು ಓಣಿಗೆ, ಆಮೇಲೆ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ. ಮಕ್ಕಳು ದೊಡ್ಡವರಾದ ಮೇಲೆ ಒಲೆ ಮುಂದಿನ ಬೆವರು ಸಾಲಲಿಲ್ಲವೋ ಏನೋ, ಕೇಂದ್ರದ ಹಿಂದಿನ ಬಯಲಿನಲ್ಲಿ ಸುಣ್ಣದ ಗೆರೆ ಹಾಕಿಸಿ ಹುಡುಗಿಯರಿಗೆ ಕಬಡ್ಡಿ ಕಲಿಸಲು ನಿಂತಳು. ಆಕೆಗೆ ಹುಚ್ಚು ಹಿಡಿದಿದೆ ಎಂದರು ಜನ. ಹಿಡಿದಿತ್ತು. ಸಂಜೆ ನಾಲ್ಕಾದರೆ ಹಿಟ್ಟಿನ ಕೈಯಲ್ಲೇ ಸೀಟಿ ಹಿಡಿದು ಹೊರಗೆ ಬರುತ್ತಿದ್ದಳು, ಯಾವ ಹುಡುಗಿ ತಡವಾಗಿ ಬಂದಳೋ ಅವಳ ಏಳು ತಲೆಮಾರು ಕೇಳಿಸಿಕೊಳ್ಳುತ್ತಿದ್ದವು.

ಮಾರೆವ್ವ ಆ ಬಯಲಿಗೆ ಬಂದದ್ದು ಹಾಗೆಯೇ, ಬೈಸಿಕೊಂಡು. ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗುವ ದುರಗಮ್ಮನ ಮಗಳು. ತಾವರಗೇರಾ ರಸ್ತೆಯ ಹಳ್ಳಿಯಿಂದ ಕುಷ್ಟಗಿಯ ಶಾಲೆಗೆ ನಡೆದು ಬರುವವಳು. ಗೋಡೆಗೆ ಆತುಕೊಂಡು ದಿನಾ ಆಟ ನೋಡುತ್ತಿದ್ದಳು. ಒಂದು ಸಂಜೆ ಶರಣಬಸಮ್ಮ, "ಗ್ವಾಡಿ ಯಾಕ ಹಿಡಕೊಂಡಿ, ಬಿದ್ದೀತು ಅಂತ ಅಂಜಿಕೇನು? ಅದನ್ನ ಬಿಟ್ಟು ಒಳಗ ಬಾ," ಎಂದು ಕರೆದಳು. ಹುಡುಗಿ ಒಳಗೆ ಬಂದಳು. ಎದುರಿನವರ ಅಂಗಳಕ್ಕೆ ಹೋಗಿ, ಮೂವರನ್ನು ಮುಟ್ಟಿ, ಉಸಿರು ಬಿಡದೆ ಹೊಳ್ಳಿ ಬಂದಳು. ಶರಣಬಸಮ್ಮ ಬೈಯುವುದನ್ನೇ ಮರೆತಳು. ಅದು ಆಗುವುದು ವರ್ಷಕ್ಕೊಮ್ಮೆ.

ಅಂದಿನಿಂದ ಆ ಹುಡುಗಿ ಆ ಮನೆಯದೇ ಆಯಿತು. ಮಳೆ ಬಂದ ರಾತ್ರಿ ಅಲ್ಲೇ ಮಲಗುವುದು, ಜ್ವರ ಬಂದರೆ ಅಲ್ಲೇ ಕಷಾಯ, ಶರಣಬಸಮ್ಮನನ್ನು ಕರೆಯುವುದು 'ಯವ್ವಾ' ಎಂದೇ. ಶರಣಬಸಮ್ಮನ ಸ್ವಂತ ಮಗಳು ಒಮ್ಮೆ ಮುನಿಸಿಕೊಂಡು, "ನನಗಿಂತ ಆಕೀ ಮ್ಯಾಲ ನಿನಗ ಜೀವ," ಎಂದದ್ದೂ ಉಂಟು. ಶರಣಬಸಮ್ಮ ಇಲ್ಲವೆನ್ನಲಿಲ್ಲ, ಸುಳ್ಳು ಹೇಳಿ ಅಭ್ಯಾಸವಿಲ್ಲ.

ಈಗ ಆ ವರ್ಷದ ಲೀಗಿನ ಮಾತು. ಜಿಲ್ಲೆಯ ಆರು ಊರುಗಳ ತಂಡಗಳು. ಪ್ರತಿ ತಂಡವೂ ಉಳಿದವರ ಜೊತೆ ಎರಡೆರಡು ಸಲ ಆಡಬೇಕು. ಮೊದಲ ಸುತ್ತು ಮುಗಿದ ಮೇಲೆ ಸ್ವಲ್ಪ ಬಿಡುವು. ಆ ಬಿಡುವಿನ ಕೊನೆಯ ದಿನವನ್ನು 'ಬದಲಿ ದಿನ' ಎನ್ನುತ್ತಾರೆ. ಅಂದು ಸಂಜೆ ಐದರ ತನಕ ತಂಡಗಳು ತಮ್ಮ ಆಟಗಾರ್ತಿಯರನ್ನು ಅದಲು ಬದಲು ಮಾಡಿಕೊಳ್ಳಬಹುದು. ಐದರ ನಂತರ ಬ್ರಹ್ಮ ಬಂದರೂ ಆಗದು. ಎರಡನೆಯ ಸುತ್ತಿನ ಬಳಿಕ ಮೊದಲ ಎರಡು ಸ್ಥಾನದವರು ಫೈನಲ್ ಆಡುತ್ತಾರೆ. ರಾಜ್ಯದ ಜೂನಿಯರ್ ಶಿಬಿರಕ್ಕೆ ಹುಡುಗಿಯರನ್ನು ಆರಿಸುವವರು ಬೆಂಗಳೂರಿನಿಂದ ಬರುವುದು ಆ ಫೈನಲ್ ನೋಡಲಿಕ್ಕೆ ಮಾತ್ರ. ಮಾರೆವ್ವನ ವಯಸ್ಸಿಗೆ ಜೂನಿಯರ್ ಶಿಬಿರ ಇದೇ ಕೊನೆಯ ವರ್ಷ. ಈ ಸಲ ಅವರ ಕಣ್ಣಿಗೆ ಬೀಳದಿದ್ದರೆ ಮುಂದೆ ದಾಳಿಂಬೆ ತೋಟ ಇದ್ದೇ ಇದೆ.

ಅರ್ಧ ಲೀಗ್ ಮುಗಿದಾಗ ಕುಷ್ಟಗಿ ಮೂರನೆಯ ಸ್ಥಾನದಲ್ಲಿತ್ತು. ಎಡ ಮೂಲೆಯಲ್ಲಿ ನಿಂತು ಎದುರಾಳಿಯ ಕಾಲು ಹಿಡಿಯುತ್ತಿದ್ದ ಹುಡುಗಿ ತನ್ನ ಕಾಲನ್ನೇ ಮುರಿದುಕೊಂಡು ಮನೆಯಲ್ಲಿ ಮಲಗಿದ್ದಳು. ಮಾರೆವ್ವ ಅತ್ತ ಹೋಗಿ ಅಂಕ ತರುವುದು, ಇತ್ತ ಎದುರಿನವರು ಬಂದು ಅಷ್ಟನ್ನೂ ಬಾಚಿಕೊಂಡು ಹೋಗುವುದು. ತೂತಿನ ಕೊಡದಲ್ಲಿ ನೀರು ಹೊತ್ತ ಹಾಗೆ. ಗಂಗಾವತಿಯದು ಇದರ ತದ್ವಿರುದ್ಧ. ಹಿಡಿಯುವವರು ಬೇಕಾದಷ್ಟು, ಮುಟ್ಟಿ ಬರುವವಳು ಒಬ್ಬಳೂ ಗಟ್ಟಿಯಿಲ್ಲ; ಆದರೂ ಮೊದಲ ಸ್ಥಾನ. ಫೈನಲ್ಲಿಗೆ ಅವರು ಹೋಗುವುದು ಹೆಚ್ಚುಕಡಿಮೆ ಖಚಿತ.

ಗಂಗಾವತಿ ತಂಡದ ಮ್ಯಾನೇಜರ್ ಶಬ್ಬೀರಸಾಬ ತಾನೇ ಫೋನು ಮಾಡಿದ. ಮಾರೆವ್ವನನ್ನು ಕೊಡಿ, ಎಡ ಮೂಲೆಗೆ ನಮ್ಮ ಹೊಳಿಯಮ್ಮನನ್ನೂ ಜೊತೆಗೆ ಇನ್ನೊಬ್ಬ ಹುಡುಗಿಯನ್ನೂ ಕೊಡುತ್ತೇವೆ ಎಂದ. ಶರಣಬಸಮ್ಮ ಆ ರಾತ್ರಿ ಊಟ ಬಿಟ್ಟಳು. ಮಾರೆವ್ವನನ್ನು ಕೊಡುವುದೆಂದರೆ ಕೈ ಕಡಿದು ಕೊಟ್ಟ ಹಾಗೆ. ಆದರೆ ಬೆಳಗಾಗುವಷ್ಟರಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಹೊಳಿಯಮ್ಮ ಬಂದರೆ ತೂತು ಮುಚ್ಚುತ್ತದೆ, ತಮ್ಮ ತಂಡದಲ್ಲೇ ಇರುವ ಅಮೃತಾ ಎಂಬ ಕಾಲೇಜು ಹುಡುಗಿ ಮಾರೆವ್ವನ ಜಾಗಕ್ಕೆ ನಿಲ್ಲಬಲ್ಲಳು, ಕುಷ್ಟಗಿಗೂ ಒಂದು ಆಸೆ ಉಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಮಾರೆವ್ವ ಫೈನಲ್ ಆಡುತ್ತಾಳೆ.

ಇಷ್ಟು ಸರಳ ಮಾತು ಕಮಿಟಿಯ ತಲೆಗೆ ಇಳಿಯಲಿಕ್ಕೆ ವಾರ ಹಿಡಿಯಿತು. ದೇವೇಂದ್ರಪ್ಪನ ಅಂಗಡಿಯ ಹಿಂದೆ, ಯೂರಿಯಾ ಚೀಲಗಳ ನಡುವೆ, ದಿನಾ ಮೀಟಿಂಗು. ಒಬ್ಬ, "ಈ ವರ್ಷ ಕಪ್ ಹೊಡೀಲೇಬೇಕು, ಯಾರನ್ನರ ಕೊಟ್ಟು ಯಾರನ್ನರ ತರ್ರಿ," ಎಂದ. ಇನ್ನೊಬ್ಬ, "ಈ ವರ್ಷದ್ದು ಮುಗೀತ್ರಿ, ದೊಡ್ಡ ಹುಡುಗ್ಯಾರನ್ನ ಬಿಟ್ಟುಕೊಟ್ಟು ಸಣ್ಣವ್ರನ್ನ ತಗೊಂಡು ಮುಂದಿನ ವರ್ಷಕ್ಕ ಟೀಮ್ ಕಟ್ಟೂನು," ಎಂದ. ಮೂರನೆಯವ, "ಏನೂ ಮಾಡೂದ ಬ್ಯಾಡ, ದೇವ್ರು ಇಟ್ಟಂಗ ಇರೂನು," ಎಂದ. ಮರುದಿನ ಬಂದರೆ ಮೂವರೂ ತಮ್ಮತಮ್ಮ ಮಾತು ಅದಲು ಬದಲು ಮಾಡಿಕೊಂಡಿರುತ್ತಿದ್ದರು. ಅದಕ್ಕೆ ಮಾತ್ರ ಯಾವ ಗಡುವೂ ಇರಲಿಲ್ಲ. ಶರಣಬಸಮ್ಮ ಚೀಲದ ಮೇಲೆ ಕುಳಿತು ಕೇಳಿಕೇಳಿ, ಮೈಗೆಲ್ಲ ಗೊಬ್ಬರದ ವಾಸನೆ ಹತ್ತಿಸಿಕೊಂಡು ಮನೆಗೆ ಬರುತ್ತಿದ್ದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ.

ಬದಲಿ ದಿನದ ಹಿಂದಿನ ಮಧ್ಯಾಹ್ನ ಆಕೆ ಎದ್ದು ನಿಂತಳು.

"ಅಣ್ಣಾರ, ನಾಳಿ ಐದಕ್ಕ ಬಾಗ್ಲಾ ಹಾಕ್ತಾರ. ಹೌದು ಅನ್ರಿ, ಇಲ್ಲ ಅನ್ರಿ. ನನ್ನ ಒಲಿ ಮ್ಯಾಲ ಹಂಚು ಕಾದೈತಿ."

ದೇವೇಂದ್ರಪ್ಪ ಎಲ್ಲರ ಮುಖ ನೋಡಿದ. "ಆತು ಬಿಡವಾ, ಮಾಡೂನು. ಸಾಬರಿಗೆ ಈಗ ಹೇಳ್ತೀನಿ," ಎಂದು ಎಲ್ಲರೆದುರೇ ಶಬ್ಬೀರಸಾಬನಿಗೆ ಫೋನು ಹಚ್ಚಿ, "ನಮ್ಮ ಹುಡುಗಿ ನಿಮ್ಮಾಕಿ, ನಿಮ್ಮಿಬ್ರು ನಮ್ಮವ್ರು," ಎಂದುಬಿಟ್ಟ. ಶರಣಬಸಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು.

ಇನ್ನು ಮಾರೆವ್ವನಿಗೆ ಹೇಳುವುದು ಉಳಿದಿತ್ತು. ಮಾತು ಕೇಳಿದ ಹುಡುಗಿ, "ಯವ್ವಾ, ನಾ ಏನ ತಪ್ಪ ಮಾಡೀನಿ? ನನ್ನ ದನಾ ಮಾರಿದಂಗ ಮಾರ್ತಿಯೇನು?" ಎಂದಳು. ಶರಣಬಸಮ್ಮ ಫೈನಲ್ಲಿನ ಮಾತು, ಶಿಬಿರದ ಮಾತು ಎಲ್ಲ ಹೇಳಿದಳು. ಬುದ್ಧಿಗೆ ತಿಳಿಯಿತು, ಮನಸ್ಸಿಗೆ ತಿಳಿಯಲಿಲ್ಲ. ಹುಡುಗಿಯ ಕಣ್ಣೀರು ನಿಲ್ಲಲಿಲ್ಲ. ಆಗ ಶರಣಬಸಮ್ಮನಿಗೆ ಒಂದು ಯೋಚನೆ ಬಂತು. ಒಳ್ಳೆಯ ಯೋಚನೆ ಎಂದೇ ಆಕೆಗೆ ಅನ್ನಿಸಿತು.

ತಂಡದ ಹುಡುಗಿಯರು ಮದುವೆಯಾಗಿ ಹೊರಟಾಗ ಅವರನ್ನು ರೊಟ್ಟಿ ಕೇಂದ್ರಕ್ಕೆ ಕರೆಸಿ ಉಡಿ ತುಂಬಿ ಕಳಿಸುವುದು ಆಕೆಯೇ ಹಾಕಿದ ಪದ್ಧತಿ. ತವರಿನವರು ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು ಹಾಕಿ ಕಳಿಸುತ್ತಾರಲ್ಲ, ಹಾಗೆ. ಇವಳನ್ನೂ ಹಾಗೆಯೇ ಕಳಿಸುತ್ತೇನೆ, ಮಾರಿದ್ದಲ್ಲ ಎಂದು ಆಗ ಅವಳಿಗೂ ಊರಿಗೂ ತಿಳಿಯುತ್ತದೆ ಎಂದುಕೊಂಡಳು. ಮರುದಿನ ಬೆಳಿಗ್ಗೆ ದುರಗಮ್ಮನನ್ನು ಕರೆಸಿದಳು. ಮಾರೆವ್ವನ ಟ್ರ್ಯಾಕ್ ಪ್ಯಾಂಟಿನ ಮೇಲೆಯೇ ತನ್ನ ಇಳಕಲ್ ಸೀರೆ ಸುತ್ತಿ, ಕೈಗೆ ಹಸಿರು ಬಳೆ ಇಡಿಸಿ, ರೊಟ್ಟಿ ಬಡಿಯುವ ಹೆಂಗಸರನ್ನೆಲ್ಲ ನಿಲ್ಲಿಸಿ ಉಡಿ ತುಂಬಿದಳು. ಸೆರಗಿಗೆ ಅಕ್ಕಿ ಸುರಿಯುತ್ತ, "ತವರು ಮರೀಬ್ಯಾಡ. ಅಲ್ಲಿ ಮಂದಿ ಏನರ ಅಂದ್ರ ನನಗ ಫೋನ್ ಹಚ್ಚು, ಲಟ್ಟಣಿಗಿ ತಗೊಂಡ ಬರ್ತೀನಿ," ಎಂದಳು. ಮಾರೆವ್ವ ಅಳುತ್ತಲೇ ನಕ್ಕಳು. ದುರಗಮ್ಮ ಮಾತ್ರ ಬಾಗಿಲ ಬಳಿ ನಿಂತು, "ಇಷ್ಟ ಲಗೂನ ಯಾಕ್ರಿ ಅಕ್ಕಾರ," ಎಂದು ಮೆಲ್ಲಗೆ ಅಂದಳು. ಆ ಗದ್ದಲದಲ್ಲಿ ಅದನ್ನು ಯಾರು ಕೇಳಬೇಕು.

ಕೊಪ್ಪಳದಲ್ಲಿ ಲೀಗಿನವರು ಒಂದು ಶಾಲೆಯ ಕೋಣೆ ತೆಗೆದುಕೊಂಡಿದ್ದರು. ಕಾರ್ಯದರ್ಶಿ ಗೋಡೆ ಗಡಿಯಾರದ ಕೆಳಗೆ ಕುಳಿತಿದ್ದ, ಆರೂ ಊರಿನವರು ಬೆಂಚುಗಳ ಮೇಲೆ. ಶಬ್ಬೀರಸಾಬ ಹೊಳಿಯಮ್ಮನನ್ನೂ ಇನ್ನೊಬ್ಬ ಹುಡುಗಿಯನ್ನೂ ಕರೆದುಕೊಂಡು ಊಟದ ಹೊತ್ತಿಗೇ ಬಂದಿದ್ದ. ಗಂಗಾವತಿ ತಂಡದ ಜೀಪು ಅಂಗಳದಲ್ಲಿ ನಿಂತಿತ್ತು. ಅದರಲ್ಲಿ ಬಂದಿದ್ದ ಹುಡುಗಿಯರು ಮಾರೆವ್ವನ ಸೀರೆ ಬಳೆ ನೋಡಿ, "ಬರ್ರಿ ಬರ್ರಿ ಮದುಮಗಳ," ಎಂದು ತಮಾಷೆ ಮಾಡಿ ಅವಳ ಚೀಲವನ್ನು ಜೀಪಿನ ಮೇಲೆ ಏರಿಸಿ, ಅವಳನ್ನು ತಮ್ಮ ನಡುವೆ ಕೂರಿಸಿಕೊಂಡರು.

"ಅಧ್ಯಕ್ಷರ, ಸಹಿ ಮಾಡಿ ಮುಗಸೂನ್ರಿ," ಎಂದ ಶಬ್ಬೀರಸಾಬ.

ದೇವೇಂದ್ರಪ್ಪ ಪೆನ್ನು ತೆಗೆದ. ಅದರ ಟೋಪಿ ಬಿಚ್ಚಿದ. ಹೊಳಿಯಮ್ಮನನ್ನು ಕಾಲಿಂದ ತಲೆಯವರೆಗೆ ನೋಡಿದ. ಮತ್ತೆ ಪೆನ್ನಿಗೆ ಟೋಪಿ ಹಾಕಿದ.

"ಒಂದ ಮಾತ ಐತ್ರಿ ಸಾಬರ. ಈ ಇಬ್ರ ಜೋಡಿ ಜೀಪಿನ್ಯಾಗ ಕುಂತಿರೂ ಆ ಉದ್ದನ್ನ ಹುಡುಗೀನೂ ಕೊಡ್ರಿ."

"ನಿನ್ನಿ ಫೋನಿನ್ಯಾಗ ಮಾತ ಮುಗದಿತ್ತಲ್ರಿ."

"ಫೋನಿನ ಮಾತ ಫೋನಿಗೆ. ಸಂತಿಗೆ ಬಂದ ಮ್ಯಾಲ ದನದ ಹಲ್ಲ ಎಣಿಸಿ ನೋಡೂದು ರಿವಾಜ ಅಲ್ಲೇನ್ರಿ."

ಹೊಳಿಯಮ್ಮ ತಟ್ಟನೆ ಬಾಯಿ ಮುಚ್ಚಿಕೊಂಡಳು. ಶರಣಬಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಅಣ್ಣಾರ, ಹುಡುಗೀಗೆ ಉಡಿ ತುಂಬೇನಿ," ಎಂದು ಹಲ್ಲು ಕಚ್ಚಿ ಅಂದಳು.

"ತುಂಬಿದ್ರ ಛಲೋನ ಆತಲ್ಲ, ಅಕ್ಕಿ ಎಲ್ಲಿ ಹೊಕ್ಕಾವು," ಎಂದು ದೇವೇಂದ್ರಪ್ಪ ಎದ್ದು ಚಹಾ ಕುಡಿಯಲು ಹೊರಗೆ ಹೋದ.

ಕುಷ್ಟಗಿಯ ಪರವಾಗಿ ಸಹಿ ಹಾಕಲು ಲೀಗಿನಲ್ಲಿ ಬರೆಸಿದ್ದು ಅಧ್ಯಕ್ಷನ ಹೆಸರೊಂದನ್ನೇ. ಇಷ್ಟು ವರ್ಷ ಹುಡುಗಿಯರ ಮೊಣಕಾಲಿಗೆ ಅರಿಶಿಣ ಮೆತ್ತಿದವಳು, ಅವರ ಮನೆಗೆ ಹೋಗಿ ಅಪ್ಪಂದಿರ ಕಾಲು ಹಿಡಿದವಳು, ಬೈದವಳು, ಉಣಿಸಿದವಳು ಶರಣಬಸಮ್ಮ. ಅವಳ ಸಹಿಗೆ ಆ ಕೋಣೆಯಲ್ಲಿ ಎರಡು ಕಾಸಿನ ಬೆಲೆಯಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಚಹಾದಂಗಡಿಗೆ ಓಡಿದಳು. ದೇವೇಂದ್ರಪ್ಪ ಬಸಿಗೆ ಚಹಾ ಸುರಿದು, ಊದಿ ಊದಿ ಕುಡಿಯುತ್ತಿದ್ದ.

"ಅಣ್ಣಾರ, ಹೊತ್ತಾಗಾಕತ್ತೈತಿ."

"ಆಗಲೇಳು. ಕನಕಗಿರಿ ಸಂತ್ಯಾಗ ಬೆಳೆದಾಕಿ ನೀ, ನಿನಗೂ ನಾ ಹೇಳಬೇಕೇನು? ಸಂತಿ ಮುರಿಯೂ ಹೊತ್ತಿಗೆ ಬದನಿಕಾಯಿ ರೇಟ ಏನ ಆಕ್ಕೈತಿ? ಅರ್ಧಕ್ಕ ಅರ್ಧ. ಅವಂಗ ನಮ್ಮ ಹುಡುಗಿ ಬೇಕೇ ಬೇಕು. ಹೊತ್ತು ಇಳದಂಗ ಅವನ ಇಳೀತಾನ. ಇಲ್ಲೇ ಬರ್ತಾನ ನೋಡು, ಓಡಿಕೋತ."

"ಬದನಿಕಾಯಿ ಕೊಳೀತೈತ್ರಿ, ಅದಕ್ಕ ಇಳೀತಾರ. ಇಲ್ಲಿ ಕೊಳಿಯೂದು ಏನೈತಿ? ಅವ್ರು ಮೊದಲನೇ ನಂಬರನ್ಯಾಗ ಅದಾರ. ಅವ್ರಿಗೆ ಅವಸರ ಇಲ್ಲ, ನಮಗೈತಿ."

"ನೀ ರೊಟ್ಟಿ ಯಾಪಾರ ಮಾಡ್ತಿ. ಒಂದ ರೇಟ, ಒಂದ ಮಾತ. ದೊಡ್ಡ ಯಾಪಾರದಾಗ ತಾಳ್ಮಿ ಬೇಕವಾ. ಕುಂದ್ರು, ಚಹಾ ಕುಡಿ."

ಆ ಬಸಿಯನ್ನು ಕಸಿದು ಅವನ ತಲೆಗೆ ಸುರಿಯಬೇಕು ಎನ್ನಿಸಿತು ಅವಳಿಗೆ. ಸುರಿಯಬೇಕಿತ್ತು. ಅದರ ಬದಲು ಆ ಬುದ್ಧಿಗೇಡಿ ಹೆಂಗಸು ಕೈ ಮುಗಿದಳು, ಚಹಾದಂಗಡಿಯ ಮಂದಿಯೆಲ್ಲ ನೋಡುವಂತೆ. ದೇವೇಂದ್ರಪ್ಪ ಅದನ್ನೂ ವ್ಯಾಪಾರದ ಒಂದು ಪಟ್ಟು ಎಂದು ತಿಳಿದನೋ ಏನೋ, ನಕ್ಕು ಇನ್ನೊಂದು ಚಹಾ ಹೇಳಿದ.

ಅವಳು ಹೊಳ್ಳಿ ಕೋಣೆಗೆ ಓಡಿ ಬಂದರೆ ಕನಕಗಿರಿ ತಂಡದವರು ಶಬ್ಬೀರಸಾಬನ ಬೆಂಚಿಗೆ ಬಂದು ಕುಳಿತಿದ್ದರು. ಅವರ ಬಳಿಯೂ ಮುಟ್ಟಿ ಬರುವ ಹುಡುಗಿಯೊಬ್ಬಳಿದ್ದಳು. ಮಾರೆವ್ವನ ಅರ್ಧಕ್ಕೂ ಸಾಟಿಯಲ್ಲ, ಆದರೆ ಅವಳ ಬದಲಿಗೆ ಹೊಳಿಯಮ್ಮನೊಬ್ಬಳೇ ಸಾಕು ಎಂದರು. ಶಬ್ಬೀರಸಾಬ ಶರಣಬಸಮ್ಮನನ್ನು ನೋಡಿ ಎದ್ದು ಬಂದ.

"ಅಕ್ಕಾರ, ನನಗ ನಿಮ್ಮ ಹುಡುಗೀನ ಬೇಕ್ರಿ. ಆದ್ರ ಬರಿಗೈಲೆ ಹೋದ್ರ ನಮ್ಮ ಊರ ಮಂದಿ ನನ್ನ ಬಿಡೂದಿಲ್ಲ. ನಿಮ್ಮ ಅಧ್ಯಕ್ಷರನ್ನ ಕರೀರಿ. ಅಲ್ಲೀತನ ಕಾಯ್ತೀನಿ."

ಅವಳು ಫೋನು ಹಚ್ಚಿದಳು. ದೇವೇಂದ್ರಪ್ಪ ಎತ್ತಲಿಲ್ಲ. ಫೋನು ಮತ್ತೆ ಮತ್ತೆ ಬಡಿದಷ್ಟೂ ಎದುರಿನವನಿಗೆ ಅವಸರ ಹೆಚ್ಚಾಗಿದೆ ಎಂದು ಅವನ ವ್ಯಾಪಾರಿ ಲೆಕ್ಕ. ಅವಳು ಕಾರ್ಯದರ್ಶಿಯ ಮುಂದೆ ನಿಂತು, ನಾನೇ ಸಹಿ ಹಾಕುತ್ತೇನೆ, ಹೆಬ್ಬೆಟ್ಟು ಬೇಕಾದರೂ ಒತ್ತುತ್ತೇನೆ ಎಂದಳು. ಆತ ಪಾಪ, ತಲೆ ಅಲ್ಲಾಡಿಸಿದ. ಶಬ್ಬೀರಸಾಬ ಗಡಿಯಾರ ನೋಡಿದ, ಬಾಗಿಲು ನೋಡಿದ, ಮತ್ತೆ ಗಡಿಯಾರ ನೋಡಿದ. ಕಡೆಗೆ ಕನಕಗಿರಿಯವರ ಕಾಗದ ಎಳೆದುಕೊಂಡು ಸಹಿ ಹಾಕಿದ.

ದೇವೇಂದ್ರಪ್ಪ ಬಂದದ್ದು ಆಮೇಲೆ, ಅಡಿಕೆ ಚೂರು ಅಗಿಯುತ್ತ. ಕೋಣೆಯ ಮುಖಗಳನ್ನು ನೋಡಿ ಅವನಿಗೆ ಅರ್ಥವಾಯಿತು. ಒಂದು ಕ್ಷಣ ಮುಖ ಸಪ್ಪಗಾದದ್ದು ನಿಜ. ಆದರೆ ವ್ಯಾಪಾರಿ ಸೋತೆನೆಂದು ಒಪ್ಪಿದ್ದು ಎಲ್ಲಾದರೂ ಉಂಟೇ?

"ಹೋದ್ರ ಹೋತು ಬಿಡು. ನಮ್ಮದೇನ ಹೋತು? ನಮ್ಮ ಹುಡುಗಿ ನಮ್ಮಲ್ಲೇ ಉಳದ್ಲಲ್ಲ," ಎಂದ.

ಶರಣಬಸಮ್ಮ ಅಂಗಳಕ್ಕೆ ಬಂದಳು. ಗಂಗಾವತಿಯ ಡ್ರೈವರ್ ಜೀಪಿನ ಮೇಲಿನಿಂದ ಮಾರೆವ್ವನ ಚೀಲ ಇಳಿಸಿ ನೆಲಕ್ಕಿಡುತ್ತಿದ್ದ. ಕನಕಗಿರಿಯ ಹುಡುಗಿ ತನ್ನ ಚೀಲ ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದಳು. ಆಗಿನಿಂದ ತಮಾಷೆ ಮಾಡುತ್ತಿದ್ದ ಹುಡುಗಿಯರು ಈಗ ಯಾರೂ ಮಾರೆವ್ವನ ಮುಖ ನೋಡುತ್ತಿರಲಿಲ್ಲ. ಆಕೆ ಇಳಕಲ್ ಸೀರೆಯಲ್ಲಿ, ಉಡಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಬಾರವ್ವ, ಮನಿಗೆ ಹೋಗೂನು," ಎಂದಳು ಶರಣಬಸಮ್ಮ.

"ಯಾವ ಮನಿಗೆ?" ಎಂದು ಕೇಳಿದಳು ಮಾರೆವ್ವ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದವಳ ಹಾಗೆ. ಆಮೇಲೆ ಚೀಲ ಹೆಗಲಿಗೇರಿಸಿ, ಕಮಿಟಿಯ ಗಾಡಿಯ ಕಡೆ ತಿರುಗಿಯೂ ನೋಡದೆ, ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಎರಡು ದಿನ ಹುಡುಗಿ ಬಯಲಿಗೆ ಬರಲಿಲ್ಲ. ದೇವೇಂದ್ರಪ್ಪ ತಂಡದ ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿಯುವ ಚಿತ್ರ ಹಾಕಿ, 'ಎಲ್ಲರೂ ಪ್ರ್ಯಾಕ್ಟಿಸಿಗೆ ಬರತಕ್ಕದ್ದು' ಎಂದು ಬರೆದ. ಅದೇ ದೊಡ್ಡ ಪ್ರಯತ್ನ ಎಂಬಂತೆ ಸುಮ್ಮನಾದ. ಮೂರನೆಯ ದಿನ ಶರಣಬಸಮ್ಮ ಒಲೆ ಆರಿಸಿ, ಗಂಡನ ಟಂಟಂ ಹತ್ತಿ ಹಳ್ಳಿಗೆ ಹೋದಳು.

ದುರಗಮ್ಮ ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ಆಕೆ ಚಾಪೆ ಹಾಸಿದಳು, ತಂಬಿಗೆಯಲ್ಲಿ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಮಗಳು ತೋಟಕ್ಕೆ ಕೂಲಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದಳು. 

"ಅಕ್ಕಾರ, ನೀವು ತಿಳದವ್ರು. ನಾನ ಹೇಳೂದಲ್ಲ," ಎಂದು ದುರಗಮ್ಮ ಶುರು ಮಾಡಿದಳು. "ಲಗ್ನಕ್ಕ ಬಂದ ಹುಡುಗೀಗೆ ನಮ್ಮಲ್ಲಿ ಉಡಿ ತುಂಬೂದು ಎರಡ ಸಲ. ನಿಶ್ಚಯದಾಗ ಒಮ್ಮೆ, ಗಂಡನ ಮನಿಗೆ ಕಳಸೂ ಮುಂದ ಒಮ್ಮೆ. ಮುಂಜಾನಿ ಉಡಿ ತುಂಬಿಸ್ಕೊಂಡು ಹಸರ ಬಳಿ ಇಟಗೊಂಡು ಹೋದ ಹುಡುಗಿ ಸಂಜಿ ಮುಂದ ಒಬ್ಬಾಕಿನ ಬಸ್ ಇಳದ ಬಂದ್ಲು. ಓಣಿಯವ್ರಿಗೆ ಕಬಡ್ಡಿ ಏನ ತಿಳೀತೈತ್ರಿ? ಹೊಸ್ತಲಿಂದನ ಹೊಳ್ಳಿ ಕಳಿಸ್ಯಾರ ಅಂದ್ರು. ಏನ ಕಂಡ್ರೋ ಅಂತ ಕೇಳಿದ್ರು. ನಾ ಯಾರ್ಯಾರ ಬಾಯಿಗೆ ಕೈ ಹಿಡೀಲಿ?"

"ಅದು ಆ ಅಧ್ಯಕ್ಷಂದು ತಪ್ಪು ದುರಗವ್ವ. ಅವನ ಸಹಿ—"

"ಸಹಿ ಆಗಿರಲಿಲ್ಲಲ್ರಿ ಅಕ್ಕಾರ. ಆಗೂತನ ಯಾಕ ತಡೀಲಿಲ್ರಿ?"

ಶರಣಬಸಮ್ಮ ಕೈಯಲ್ಲಿದ್ದ ಬೆಲ್ಲವನ್ನು ತಂಬಿಗೆಯ ಪಕ್ಕ ಇಟ್ಟಳು. ದೇವೇಂದ್ರಪ್ಪ ತಡ ಮಾಡಿದ, ನಿಜ. ಅವನು ತಡ ಮಾಡುವವನೇ ಎಂದು ವಾರವಿಡೀ ಗೊಬ್ಬರದ ಚೀಲದ ಮೇಲೆ ಕುಳಿತು ಕಣ್ಣಾರೆ ಕಂಡವಳು ತಾನೇ ಅಲ್ಲವೇ? ಕಂಡೂ ಕಂಡೂ ಅವನ ಒಂದು ಫೋನಿನ ಮಾತು ನಂಬಿ ಹುಡುಗಿಯ ಕೈಗೆ ಬಳೆ ಇಡಿಸಿದವಳು ಯಾರು? ಹುಡುಗಿಯ ಅಳು ನಿಲ್ಲಿಸುವ ಅವಸರವೋ, ತನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವ ಅವಸರವೋ, ಆ ಯಲ್ಲಮ್ಮನಿಗೇ ಗೊತ್ತು.

ಮಾರೆವ್ವ ಬಂದಳು. ಹೊರಗೆ ಕಾಲು ತೊಳೆದುಕೊಂಡಳು, ದಾಳಿಂಬೆ ಮುಳ್ಳು ಗೀರಿದ ಕೈಗೆ ಎಣ್ಣೆ ಹಚ್ಚಿಕೊಂಡಳು. ಒಳಗೆ ಬಂದು ಕಂಬಕ್ಕೆ ಆತು ನಿಂತಳು.

"ನನ್ನ ಹೆಸರ ಕುಷ್ಟಗಿ ಟೀಮಿನ್ಯಾಗ ಐತಿ. ಲೀಗ್ ಮುಗಿಯೂತನ ಆಡ್ತೀನಿ. ನಾಳಿಂದ ಬರ್ತೀನಿ," ಎಂದಳು.

ಶರಣಬಸಮ್ಮ, "ಟಂಟಂ ಐತಿ, ಈಗ ನಡೀ," ಎಂದಳು.

"ಬಸ್ಸಿಗೆ ಬರ್ತೀನಿ," ಎಂದು ಹುಡುಗಿ ಒಳಗೆ ಹೋದಳು.

ಹೇಳಿದಂತೆ ಬಂದಳು. ಬರುವಾಗ ಇಳಕಲ್ ಸೀರೆಯನ್ನು ಒಗೆದು, ಮಡಚಿ ತಂದು ಕಟ್ಟೆಯ ಮೇಲಿಟ್ಟಳು. ದೇವೇಂದ್ರಪ್ಪನಿಗೆ ಅಂದು ಹಬ್ಬ. ಅಂಗಡಿ ಬಿಟ್ಟು ಬಯಲಿಗೇ ಬಂದು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ, ಜೊತೆಗೆ ಕಮಿಟಿಯ ನಾಲ್ವರು. "ನೋಡಿದ್ರಿಲ್ಲೋ? ಏನೂ ಕೊಡದಂಗ ಹುಡುಗೀನ ಉಳಿಸ್ಕೊಂಡ್ವಿ. ಸುಮ್ಮನ ಒದರ್ಯಾಡತಿದ್ದಳು ಈಕಿ," ಎಂದು ಅವರಿಗೆ ಹೇಳುತ್ತಿದ್ದ. ಎಡ ಮೂಲೆಯಲ್ಲಿ ನಿಂತಿದ್ದ ಹೊಸ ಹುಡುಗಿಗೆ ಎದುರಾಳಿಯ ಕಾಲು ಹಿಡಿಯುವುದಿರಲಿ, ತನ್ನ ಕಾಲೆಲ್ಲಿಡಬೇಕೆಂದೂ ತಿಳಿದಿರಲಿಲ್ಲ. ಅದು ಆ ನಾಲ್ವರ ಕಣ್ಣಿಗೂ ಬೀಳಲಿಲ್ಲ. ಫೈನಲ್ಲಿನ ಆಸೆ ಕೊಪ್ಪಳದ ಆ ಕೋಣೆಯಲ್ಲೇ ಮುಗಿದಿತ್ತು. ಬಯಲಲ್ಲಿ ಅದು ಗೊತ್ತಿದ್ದವರು ಇಬ್ಬರೇ, ಒಬ್ಬಳು ಸೀಟಿ ಹಿಡಿದವಳು, ಇನ್ನೊಬ್ಬಳು ಗೆರೆ ದಾಟಲು ನಿಂತವಳು.

ಮಾರೆವ್ವ ಆಡಿದಳು. ಕಡಿಮೆ ಆಡಿದಳು ಎನ್ನುವಂತಿಲ್ಲ. ಹೋಗಬೇಕಾದ ಕಡೆ ಹೋದಳು, ಮುಟ್ಟಬೇಕಾದವರನ್ನು ಮುಟ್ಟಿ ಹೊಳ್ಳಿ ಬಂದಳು. ಮುಂಚೆಯಾದರೆ ಹೊಳ್ಳಿ ಬಂದ ಕೂಡಲೇ ಶರಣಬಸಮ್ಮನ ಕಡೆ ನೋಡಿ ಹಲ್ಲು ಕಿಸಿಯುವುದು, ಈಕೆ, "ಹಲ್ಲ ಆಮ್ಯಾಲ ತೋರ್ಸು, ಮೊದ್ಲ ಉಸುರ ತಗೋ," ಎಂದು ಗದರುವುದು. ಇಂದು ಅವಳು ನೆಲ ನೋಡಿಕೊಂಡು ತನ್ನ ಜಾಗಕ್ಕೆ ಹೋಗಿ ನಿಂತಳು. ಶರಣಬಸಮ್ಮ ತಡೆಯಲಾರದೆ ಹತ್ತಿರ ಹೋಗಿ, "ಎಡಗಾಲ ಇನ್ನಾ ಹೊರಗ ಇಡ. ಹಂಗ ನಿಂತ್ರ ತಿರುಗೂ ಮುಂದ ಮೊಣಕಾಲ ಹಿಡೀತೈತಿ," ಎಂದಳು.

ಮಾರೆವ್ವ ಎಡಗಾಲನ್ನು ಹೊರಗೆ ಸರಿಸಿದಳು. "ಇಷ್ಟ ಸಾಕೇನ್ರಿ, ಮೇಡಂ?" ಎಂದಳು.

ಸುತ್ತ ನಿಂತಿದ್ದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಬಯಲಲ್ಲಿ ಯಾರೂ ಯಾರನ್ನೂ ಹಾಗೆ ಕರೆದಿರಲಿಲ್ಲ. ಕುರ್ಚಿಯಿಂದ ದೇವೇಂದ್ರಪ್ಪ ಚಪ್ಪಾಳೆ ತಟ್ಟಿದ.

"ನೋಡ್ರಿ, ಹುಡುಗೀಗೆ ಎಷ್ಟ ಶಿಸ್ತ ಬಂದೈತಿ," ಎಂದ.

ಶರಣಬಸಮ್ಮ ಸೀಟಿ ಹಿಡಿದ ಕೈಯೆತ್ತಿ ಅವನ ಕಡೆ ತಿರುಗಿದಳು. ಹಲ್ಲುಜ್ಜದ ಬಾಯಿ, ಹೊತ್ತಿಗಾಗದ ಸಹಿ, ನಿನ್ನ ಯೂರಿಯಾ ಚೀಲಕ್ಕೆ ಬೆಂಕಿ ಬೀಳಲಿ ಎಂದು ನಾಲಿಗೆಯ ತುದಿಗೆ ಬಂದ ಬೈಗುಳಗಳು ಒಂದೆರಡಲ್ಲ. ಕೊಪ್ಪಳದಿಂದ ಬಂದಾಗಿನಿಂದ ಅವನ್ನು ಆಕೆ ಕಾದಿಟ್ಟಿದ್ದಳು. ಒಂದೂ ಹೊರಗೆ ಬರಲಿಲ್ಲ. ಅವನು ಮಾಡಿದ್ದು ತಡ. ಹುಡುಗಿಯನ್ನು ಮನೆಯಿಂದ ಕಳಿಸಿದವಳು ತಾನು.

"ಸಾಕು," ಎಂದಳು ಮಾರೆವ್ವನಿಗೆ, ಸೀಟಿ ಊದಿದಳು, ಆಟ ಮುಂದುವರಿಯಿತು.